ಕ್ಯಾಮಿಲಸ್ ಭಾವನ ಪಾಲು

ಮಂಜು ಗಾಜಿನ ಹೊರಗಡೆ, ಒಳಗಡೆಯಲ್ಲ, ಊರಿನ ಬಸ್ಸಿನಲ್ಲಾದರೆ ಒಳಗಿನಿಂದ ಬೆರಳಲ್ಲಿ ಗೀಚಿ ಆ ಸಂದಿನಲ್ಲಿ ಗದ್ದೆ ನೋಡುತ್ತಿದ್ದೆ, ಇಲ್ಲಿ ಕಾರಿನೊಳಗೆ ತಣ್ಣಗೆ, ಹೊರಗೆ ಬೆಳಗಿನ ಹೊತ್ತಿಗೇ ಹಬೆಯಾಡುವ ಸೆಕೆ, ಅದಕ್ಕೇ ಗಾಜು ಹೊರಮೈಯಲ್ಲಿ ಬೆವರುತ್ತದೆ, ಲಿಡ್ವಿನ್ ವೈಪರ್ ಹಾಕುತ್ತಾನೆ, ಅಲ್ ಕುಸೈಸ್‌ನ ಗೋದಾಮುಗಳು, ಮೆಟ್ರೋದ ಕಂಬಗಳು, ಶನಿವಾರವೂ ರಜೆಯಿಲ್ಲದ ಕೆಲಸಗಾರರ ಬಸ್ಸು, ಒಮ್ಮೆ ಸ್ಪಷ್ಟ, ಮತ್ತೆ ಮಸುಕು — ಎಂತ ಮಾರಾಯ್ತಿ, ಪಾಪನಿವೇದನೆಗೆ ಕೂತವಳ ಹಾಗೆ ಕೂತಿದ್ದಿ, ನಾನು ಗಂಡನಾ ಪಾದ್ರಿಯಾ, ಎನ್ನುತ್ತಾನೆ, ನಗುತ್ತೇನೆ, ಇನ್ನೂ ನಗು ಬರುತ್ತದಲ್ಲ ನನಗೆ. ಹೆಂಡತಿಗೆ ಅಬುಧಾಬಿ ತೋರಿಸಲೆಂದು ಫ್ಲಾಟಿನ ಜೊತೆಗಾರ ಲೆಸ್ಟರನ ಕಾರು ಕೇಳಿ ತಂದಿದ್ದಾನೆ, ದೊಡ್ಡ ಮಸೀದಿ, ಕಡಲ ದಂಡೆ, ಆಮೇಲೆ ಎಲ್ಲಾದರೂ ಮೀನೂಟ, ಎಲ್ಲಕ್ಕಿಂತ ಮೊದಲು ಅಲ್ಲಿಯದೇ ಖಾಲಿದಿಯಾದಲ್ಲಿರುವ ನನ್ನ ಕಾಲೇಜಿನ ಗೆಳತಿಯ ಮನೆಗೆ ಒಂದು ಗಳಿಗೆ — ಗೆಳತಿಯಂತೆ, ಖಾಲಿದಿಯಾದಲ್ಲಿ ನನಗೆ ಯಾವ ಗೆಳತಿಯೂ ಇಲ್ಲ, ಅಲ್ಲಿರುವುದು ಇವನ ಅಣ್ಣ, ನಮ್ಮ ಮದುವೆಗೂ ಯಾರೂ ಕರೆಯದ ಕ್ಯಾಮಿಲಸ್ ಭಾವ, ಅವರಿಗೆ ಸೇರಬೇಕಾದದ್ದನ್ನು ತಿಂದು ಬಾಯೊರೆಸಿಕೊಂಡು ಕೂತವಳು ನಾನು.

ತಿಂದದ್ದಾದರೂ ಏನು, ಒಂದು ಮುಷ್ಟಿಯೂ ಇಲ್ಲದ ಭತ್ತ, ಹೊರಗಿನವರಿಗೆ ಹೇಳಿದರೆ ನಕ್ಕಾರು, ಆದರೆ ಮೊಂತಿ ಹಬ್ಬದ ಭತ್ತ, ಮಾತೆ ಮರಿಯಮ್ಮ ಹುಟ್ಟಿದ ದಿನ ಇಗರ್ಜಿಯ ಅಂಗಳದಲ್ಲಿ ಪಾದ್ರಿ ತೀರ್ಥ ಚಿಮುಕಿಸಿ ಮನೆಮನೆಗೆ ಹಂಚಿದ ಹೊಸ ತೆನೆ, ಅದನ್ನು ದೇವರ ಪೀಠದ ಮುಂದಿಟ್ಟು, ಕಾಳು ಸುಲಿದು, ಪುಡಿ ಮಾಡಿ, ತೆಂಗಿನ ಹಾಲಿನಲ್ಲಿ ಕದಡಿ, ಹಿರಿಯರು ಒಬ್ಬೊಬ್ಬರಿಗೇ ಚಮಚದಲ್ಲಿ ಕೊಡುವುದು, ಆಮೇಲೆಯೇ ಬಾಳೆಲೆ, ಆ ದಿನ ಮೀನಿಲ್ಲ ಮಾಂಸವಿಲ್ಲ, ಹರಿವೆ ದಂಟು, ಕೆಸು, ಬೆಂಡೆ, ಅಮಟೆ. ದೂರದಲ್ಲಿರುವವರಿಗೆ ಕಾಳನ್ನು ಕಳಿಸಿಕೊಡುತ್ತಾರೆ, ಮುಂಬಯಿಗೋ ಮಸ್ಕತ್ತಿಗೋ, ಅದನ್ನು ತಿಂದವರೆಲ್ಲ ಆ ಮನೆಯವರು, ಎಲ್ಲಿದ್ದರೂ. ಅತ್ತೆ, ಮಕ್ಕಳ ಹಾಗೆ ನಾನೂ ಅಮ್ಮ ಎಂದೇ ಕರೆಯುವ ರೆಜಿನಾ ಮಾಂಯ್, ಕ್ಯಾಮಿಲಸ್ ಭಾವನಿಗೆ ಕಳಿಸುವುದನ್ನು ನಿಲ್ಲಿಸಿಬಿಟ್ಟಿದ್ದರು, ಹಿರಿಮಗನನ್ನು ದೇವರಿಗೆ ಕೊಡುತ್ತೇನೆಂದು ಹರಕೆ ಹೊತ್ತವರು, ಗುರುದೀಕ್ಷೆಗೆ ದಿನ ಗೊತ್ತಾಗಬೇಕು ಎನ್ನುವಾಗ ಮಗ ಸೆಮಿನರಿಯಿಂದ ಪೆಟ್ಟಿಗೆ ಹಿಡಿದು ಹೊರಬಂದು, ಮಾರ್ಟಿನಾ ಎಂಬ ನರ್ಸಮ್ಮನನ್ನು ಮದುವೆಯಾಗಿ ಅಬುಧಾಬಿ ಸೇರಿಕೊಂಡರು, ಅಪ್ಪ ಆ ಕೊರಗಲ್ಲೇ ಹೋದರು ಎನ್ನುತ್ತಾನೆ ಲಿಡ್ವಿನ್. ಈ ಸಲ ಮಾತ್ರ, ನಾನು ವಿಮಾನ ಹತ್ತುವ ಹಿಂದಿನ ದಿನ, ಮಾಂಯ್ ನನ್ನನ್ನು ಅಡುಗೆಮನೆಗೆ ಕರೆದರು, ಎರಡು ಪೊಟ್ಟಣ, ಇದು ನಿಮಗಿಬ್ಬರಿಗೆ ಬಾಯೆ, ನನ್ನ ಮಗಳೇ, ಇದು — ಇದು ಖಾಲಿದಿಯಾಕ್ಕೆ, ಮಗನ ಹೆಸರು ಹೇಳಲು ನಾಲಿಗೆ ಬರಲಿಲ್ಲ, ಜಾಗದ ಹೆಸರು ಹೇಳಿದರು, ಎಲ್ಲಿಂದ ಸಂಪಾದಿಸಿದರೋ ವಿಳಾಸ, ನಂಬರಿನ ಚೀಟಿಯೊಂದನ್ನು ಅದಕ್ಕೆ ಸಿಕ್ಕಿಸಿದರು, ಲಿಡ್ವಿನ್‌ಗೆ ಈಗಲೇ ಹೇಳ್ಬೇಡ, ಅವನದ್ದು ಗೊತ್ತುಂಟಲ್ಲ, ಗಾಂಧಾರಿ ಮೆಣಸು, ನೀನೇ ಕೈಯಾರೆ ಕೊಡು, ತಿಂದ ಮೇಲೆ ಒಂದು ಫೋನ್ ಮಾಡ್ಲಿ, ನಾನು ಎತ್ತುತ್ತೇನೆ ಅಂತ ಹೇಳು. ನಾನು ಎತ್ತುತ್ತೇನೆ, ಎಷ್ಟು ವರ್ಷ ಗಂಟಲಲ್ಲಿ ನಿಂತಿದ್ದ ಮಾತೋ ಏನೋ, ಅದನ್ನು ಮೊನ್ನೆ ಮೊನ್ನೆ ಬಂದ ಸೊಸೆಯ ಕೈಗೆ ಹಾಕಿದರು.

ಗಾಜು ಒಣಗಿದೆ, ಎರಡೂ ಬದಿ ತಲೆಯೆತ್ತಿ ನೋಡಬೇಕಾದ ಕಟ್ಟಡಗಳು, ಬಂದ ಮೊದಲ ದಿನ ಇದೇ ರಸ್ತೆಯಲ್ಲಿ ಬಾಯಿ ತೆರೆದು ಕೂತಿದ್ದೆ, ಮುಚ್ಚು, ನೊಣ ಹೋದೀತು, ಎಂದಿದ್ದ ಲಿಡ್ವಿನ್. ಲೆಸ್ಟರ್ ಮತ್ತು ತಾನ್ಯಾರ ಫ್ಲಾಟಿನಲ್ಲಿ ನಮಗೆ ಒಂದು ಕೋಣೆ, ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರು, ಕಿಟಕಿ ತೆರೆದರೆ ಎದುರಿನವರ ಏಸಿ, ನನಗೇನೂ ಬೇಸರವಿರಲಿಲ್ಲ, ನಮ್ಮದೇ ಮನೆ ಅನ್ನಿಸಿತ್ತು, ಸೂಟ್‌ಕೇಸ್ ತೆರೆಯುವ ತನಕ. ನಮ್ಮ ಪಾಲಿನ ಪೊಟ್ಟಣ ಅದರಲ್ಲಿತ್ತು, ಭಾವನದ್ದು ಕೈಚೀಲದಲ್ಲಿ ಜಪಸರದ ಜೊತೆ, ಮತ್ತು ಸೂಟ್‌ಕೇಸಿನಲ್ಲೇ ನನ್ನ ಅಮ್ಮ ಕಟ್ಟಿಕೊಟ್ಟ ಸಿಗಡಿ ಉಪ್ಪಿನಕಾಯಿ, ಆನೆ ತುಳಿದರೂ ಒಡೆಯಲ್ಲ ಎಂದಿದ್ದರು, ಆನೆ ಬೇಕಾಗಿರಲಿಲ್ಲ, ಕೆಂಪು ಎಣ್ಣೆ ಸೀರೆಗೆ, ಸೀರೆಯಿಂದ ಭತ್ತಕ್ಕೆ, ಸಸ್ಯಾಹಾರದ ಹಬ್ಬದ ಕಾಳಿಗೆ ಸಿಗಡಿಯ ನಾತ. ಮಾತೆಗೆ ಈ ವರ್ಷ ನಾನ್‌ವೆಜ್, ಎಂದು ತಮಾಷೆ ಮಾಡಿದ, ಆದರೆ ಮುಖ ಸಣ್ಣದಾಯಿತು, ಇಷ್ಟು ವರ್ಷ ಅಂಚೆಯಲ್ಲಿ ಬಂದ ಕಾಳನ್ನು ಒಬ್ಬನೇ ಹಲ್ಲಿನಲ್ಲಿ ಕಡಿದು ನುಂಗಿದವನು, ಈ ಸಲ ಹೆಂಡತಿ ಬರುತ್ತಾಳೆಂದು ಕೆಸು ಹುಡುಕಿ ಅಂಗಡಿ ಅಂಗಡಿ ಅಲೆದಿದ್ದ, ತಾನ್ಯಾ ತೆಂಗಿನ ಹಾಲು ಹಿಂಡಿ ಇಟ್ಟಿದ್ದಳು, ಹೋಗ್ಲಿ ಬಿಡು ಕ್ಯಾರಲ್, ಎಂದ, ಆ ಹೋಗ್ಲಿ ಬಿಡು ಕೇಳಿಯೇ ನನ್ನ ಕೈ ಕೈಚೀಲಕ್ಕೆ ಹೋದದ್ದು, ಇನ್ನೊಂದು ಪೊಟ್ಟಣ ಉಂಟು, ಮಾಂಯ್ ಎರಡು ಕೊಟ್ಟಿದ್ದರು. ಸುಳ್ಳಲ್ಲವಲ್ಲ. ಅರ್ಧ ಸಾಕು, ಅರ್ಧ ಭಾವನಿಗೆ ಉಳಿಸುತ್ತೇನೆ ಎಂದುಕೊಂಡೇ ಸುಲಿದು ಮಿಕ್ಸಿಗೆ ಹಾಕಿದೆ, ಕಾಳು ಕಡಿಮೆಯಾದರೆ ಬ್ಲೇಡಿಗೆ ಸಿಗುವುದಿಲ್ಲ, ಸುಮ್ಮನೆ ಗೋಡೆಗೆ ಹಾರಿ ಕೂರುತ್ತದೆ, ಇನ್ನೊಂದಿಷ್ಟು ಹಾಕಿದೆ, ಸಿಗಲಿಲ್ಲ, ಹೊರಗೆ ಮೂವರೂ ಮೇಣದಬತ್ತಿ ಹಚ್ಚಿ ಕಾಯುತ್ತಿದ್ದರು, ಯಲ್ಲಾ ಕ್ಯಾರಲ್, ಹಸಿವಾಗ್ತದೆ, ಎಂದ ಲೆಸ್ಟರ್, ಉಳಿದದ್ದನ್ನೂ ಸುಲಿದು ಸುರಿದೆ. ಆಗ ಸಿಕ್ಕಿತು. ಸಿಹಿಯಾಗಿತ್ತು. ಲಿಡ್ವಿನ್ ಮನೆಯ ಯಜಮಾನನ ಗತ್ತಿನಲ್ಲಿ ಚಮಚ ಹಿಡಿದು ನನ್ನ ಬಾಯಿಗಿಟ್ಟ, ಅವನ ಕಣ್ಣು ಒದ್ದೆಯಾಗಿತ್ತು, ನಾನು ನುಂಗಿದೆ, ಎರಡನೆಯ ಚಮಚವನ್ನೂ.

ಮರುದಿನವೇ ಖಾಲಿದಿಯಾಕ್ಕೆ ಫೋನ್ ಮಾಡಿ ಹೀಗಾಯಿತು ಭಾವ ಎಂದಿದ್ದರೆ ಮುಗಿಯುತ್ತಿತ್ತು, ಮಾಡಲಿಲ್ಲ, ರಕ್ತ ಪರೀಕ್ಷೆ, ವೀಸಾ, ಬೆರಳಚ್ಚು, ಶುಕ್ರವಾರ ಸಂಜೆ ಕಡಲು, ಶನಿವಾರ ಹಳೆಯ ಪೇಟೆಯ ದೋಣಿ, ಪ್ರತಿ ವಾರ ಇವನು ಒಂದು ಊರನ್ನು ಉಡುಗೊರೆಯ ಹಾಗೆ ಬಿಚ್ಚಿ ತೋರಿಸುತ್ತಿದ್ದ, ಪ್ರತಿ ವಾರ ಮಾಂಯ್ ಕೇಳುತ್ತಿದ್ದರು, ಹೋದಿರಾ ಬಾಯೆ ಆ ಕಡೆಗೆ. ಅಲ್ ಐನ್‌ನ ತೋಟದಲ್ಲಿ ಲಿಡ್ವಿನ್ ಮುಂದೆ ನಡೆದಿದ್ದಾಗ ಅವರ ಫೋನ್ ಬಂತು, ಖರ್ಜೂರದ ಮರಗಳ ಕೆಳಗೆ ಸಣ್ಣ ಕಾಲುವೆ ಜುಳುಜುಳು, ನಮ್ಮೂರ ತೋಡಿನದೇ ಸದ್ದು, ಮರಳುಗಾಡಿನ ನಡುವೆ ಅಷ್ಟು ನೆರಳು, ಮನಸ್ಸು ಎಷ್ಟು ಹಗುರವಾಗಿತ್ತೆಂದರೆ ಸುಳ್ಳು ತಾನಾಗಿ ಜಾರಿತು, ಕೊಟ್ಟೆ ಮಾಂಯ್. ಅಷ್ಟಕ್ಕೇ ನಿಲ್ಲಿಸಬಾರದೇ, ತಿಂದನಾ, ಎಂದರು, ತಿಂದರು, ಎಂತ ಹೇಳಿದ, ಎಂದರು, ಆ ದನಿಯ ಆಸೆ ಕೇಳಲಾಗದೆ ಕಥೆ ಕಟ್ಟಿದೆ, ಬಾಗಿಲಲ್ಲೇ ತಡೆದು ನಿಂತರು ಮಾಂಯ್, ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡರು, ಕೂತುಕೊಂಡು ತಿನ್ನಲಿಲ್ಲ, ಮೊಣಕಾಲೂರಿ ತಿಂದರು — ಆಚೆ ಕಡೆ ಮೂಗು ಏರಿಸಿದ ಸದ್ದು, ಮೊಣಕಾಲೂರಿಯಾ, ಎಂದರು. ನನ್ನ ಅಜ್ಜಿ ಒಂದು ಕಥೆ ಹೇಳುತ್ತಿದ್ದರು, ದೂರದೇಶದ ಮೈದುನನಿಗೆ ಎತ್ತಿಟ್ಟ ಹಬ್ಬದ ಅನ್ನವನ್ನು ತಿಂದ ಸೊಸೆಯ ನಾಲಿಗೆಯ ಮೇಲೆ ಒಂದು ಕಾಳು ಮೊಳೆಯಿತಂತೆ, ಸುಳ್ಳು ಹೇಳಿದಾಗಲೆಲ್ಲ ಪೈರು ಒಂದು ಗೇಣು ಬೆಳೆಯಿತಂತೆ, ಕೊನೆಗೆ ಬಾಯಿ ಮುಚ್ಚಲಾಗದೆ ಸೆರಗು ಅಡ್ಡ ಹಿಡಿದು ತಿರುಗಿದಳಂತೆ, ಆಮೇಲೇನಾಯ್ತು ಅಜ್ಜೀ, ಅಂದರೆ, ಆಮೇಲೆ ಎಂತ, ಹಸು ಬಂದು ಮೇಯಿತು, ನಿದ್ದೆ ಮಾಡು, ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಮಾಂಯ್ ಅಂದಿನಿಂದ ಫೋನನ್ನು ಸೊಂಟದಿಂದ ಇಳಿಸಿರಲಿಲ್ಲವಂತೆ, ಸ್ನಾನಕ್ಕೆ ಹೋದರೂ ಕಿಟಕಿಯಲ್ಲಿಟ್ಟು ಹೋಗುತ್ತಿದ್ದರಂತೆ, ಅದನ್ನು ಅವರೇ ಹೇಳಿದ್ದು, ನಿನ್ನೆ, ಸಿಟ್ಟಿಲ್ಲದ ದನಿಯಲ್ಲಿ, ಸಿಟ್ಟಾದರೂ ಇದ್ದಿದ್ದರೆ — ಮೊಣಕಾಲೂರಿ ತಿಂದವನಿಗೆ ಅಮ್ಮನಿಗೊಂದು ಮಾತು ಹೇಳಲಿಕ್ಕೆ ಬಾಯಿ ಬರಲಿಲ್ಲವಾ ಬಾಯೆ, ತಿಂದೂ ಸುಮ್ಮನಿದ್ದಾನೆಂದರೆ ಅವನಿಗೆ ನಾವು ಬೇಡ ಅಂತಲೇ ಅರ್ಥ, ಆಗ್ಲಿ, ದೇವರು ಚೆನ್ನಾಗಿಡ್ಲಿ, ಇನ್ನು ಅವನ ಹೆಸರು ಈ ಮನೆಯಲ್ಲಿ ಖಲಾಸ್, ಲಿಡ್ವಿನ್‌ನಿಂದ ಕಲಿತ ಅರಬ್ಬಿ ಶಬ್ದ ಅವರ ಬಾಯಲ್ಲಿ ಮಗುವಿನದರ ಹಾಗೆ ಕೇಳಿಸಿತು. ಅಲ್ಲ ಮಾಂಯ್, ಅವರು ತಿಂದೇ ಇಲ್ಲ, ಎನ್ನಬೇಕು, ಬಾಯಿ ತೆರೆದೆ, ಸಿಗ್ನಲ್ ಇಲ್ಲ ಮಾಂಯ್, ಎಂದೆ.

ಕೈಚೀಲದಲ್ಲಿ ಈಗಲೂ ಒಂದು ಪೊಟ್ಟಣವಿದೆ. ಭತ್ತವೇ. ಮನೆಯ ಹಿಂದಿನ ಬೀದಿಯ ಸಾಕುಪಕ್ಷಿಗಳ ಅಂಗಡಿಯಲ್ಲಿ ಗಿಳಿಗೆ ಹಾಕುವ ಕಾಳುಗಳ ನಡುವೆ ಭತ್ತ ಕಂಡು ನಿಂತುಬಿಟ್ಟಿದ್ದೆ, ಎಂತ ಹಕ್ಕಿ ಉಂಟು ನಿಮ್ಮಲ್ಲಿ, ಎಂದು ಕೇಳಿದ ಅಂಗಡಿಯ ಜಂಶೀರ್, ನಮ್ಮ ಕಡೆಯವನೇ, ದೊಡ್ಡದೊಂದು ಉಂಟು, ಎಂದೆ, ಹಾಗಾದರೆ ಸ್ವಲ್ಪ ಜಾಸ್ತಿ ತಗೊಳ್ಳಿ ಅಕ್ಕ, ಎಂದ. ಭತ್ತಕ್ಕೇನು ಗೊತ್ತು ಯಾರ ಕೈಯಿಂದ ಬಂತೆಂದು, ಭಾವನಿಗೆ ಕೊಟ್ಟರೆ ಅವರು ತಿನ್ನುತ್ತಾರೆ, ತಿಂದು ಫೋನ್ ಮಾಡುತ್ತಾರೆ, ಮಾಂಯ್ ಎತ್ತುತ್ತಾರೆ, ತಾಯಿ ಮಗ ಅಳುತ್ತಾರೆ, ನನ್ನ ಸುಳ್ಳು ಸತ್ಯವಾಗುತ್ತದೆ, ಇದರಲ್ಲಿ ನಷ್ಟ ಯಾರಿಗೆ — ಮಾತೆಯೇ, ಹೀಗೆ ಲೆಕ್ಕ ಹಾಕುವ ಹೆಂಗಸು ನಾನಾಗಿರಲಿಲ್ಲ, ಪರಮಪ್ರಸಾದ ಕೊಡುವಾಗ ಮಂತ್ರಿಸದ ಬೇರೆ ರೊಟ್ಟಿ ಇಟ್ಟ ಹಾಗಲ್ಲವೇ ಇದು, ತಿನ್ನುವವನಿಗೆ ತಿಳಿಯುವುದಿಲ್ಲ, ತಿಳಿಯುವುದಿಲ್ಲ ಎನ್ನುವುದೇ ಪಾಪ.

ಬಂತು ನೋಡು ನಿನ್ನ ಖಾಲಿದಿಯಾ, ಎನ್ನುತ್ತಾನೆ ಲಿಡ್ವಿನ್, ಇಲ್ಲಿ ದೇವರು ಸಿಕ್ಕಿದರೂ ಪಾರ್ಕಿಂಗ್ ಸಿಗಲ್ಲ, ನೀನು ಹೋಗಿ ಬಾ, ನಾನು ಸುತ್ತು ಹಾಕ್ತಾ ಇರ್ತೇನೆ. ಬಾಗಿಲು ತೆರೆಯುತ್ತೇನೆ, ಬಿಸಿಗಾಳಿ ಮುಖಕ್ಕೆ ಒಲೆಯ ಹಾಗೆ. ಮತ್ತೆ ಕ್ಯಾರಲ್, ಅಲ್ಲಿ ಲಿಫ್ಟ್ ನಿಧಾನ, ಕಾಯ್ಬೇಕಾಗ್ತದೆ. ಹೇಳಿ ಕಾರು ಮುಂದಕ್ಕೆ ಬಿಟ್ಟ. ಲಿಫ್ಟಿನ ಎದುರು ನಿಂತ ಮೇಲೆ ಹೊಳೆಯಿತು, ಲಿಫ್ಟ್ ನಿಧಾನವೆಂದು ಇವನಿಗೆ ಹೇಗೆ ಗೊತ್ತು, ಯಾವ ಕಟ್ಟಡವೆಂದು ನಾನು ಹೇಳುವ ಮೊದಲೇ ಇಲ್ಲಿ ತಂದು ನಿಲ್ಲಿಸಿದನಲ್ಲ, ಹಾಗಾದರೆ ಇವನೂ ಬಂದಿದ್ದಾನೆ, ಎಂದೋ ಒಮ್ಮೆ, ಈ ಲಿಫ್ಟಿಗೆ ಕಾದು, ಹತ್ತಿಯೋ ಹತ್ತದೆಯೋ ಹಿಂದೆ ಹೋಗಿದ್ದಾನೆ, ಗೆಳತಿ ಅಂದಾಗ ಒಂದು ಪ್ರಶ್ನೆಯನ್ನೂ ಕೇಳದೆ ಕಾರು ತಂದವನು.

ಬಾಗಿಲು ತೆರೆದದ್ದು ಮಾರ್ಟಿನಾ ಅಕ್ಕ, ಡ್ಯೂಟಿಯ ಬಟ್ಟೆಯಲ್ಲೇ ಇದ್ದರು, ನಾನು ಬರುತ್ತೇನೆಂದು ಮೆಸೇಜು ಮಾಡಿದಾಗಲೂ ಯಾಕೆ ಎಂದು ಕೇಳದವರು, ಈಗಲೂ ಕೇಳಲಿಲ್ಲ, ನನ್ನ ಎರಡೂ ಕೆನ್ನೆ ಹಿಡಿದು, ಫೋಟೋದಲ್ಲಿ ದಪ್ಪ ಕಾಣ್ತೀರಿ ಮಾರಾಯ್ರೇ, ಎಂದು ನಕ್ಕರು, ಒಳಗೆ ತಿರುಗಿ, ನಿಮ್ಮ ತಮ್ಮನ ಹೆಂಡತಿ. ಭಾವ ಬಂದರು, ತಲೆ ಅರ್ಧ ನರೆತಿದೆ, ಲಿಡ್ವಿನ್‌ನದೇ ಹಣೆ, ನನ್ನ ಮುಖವನ್ನಲ್ಲ, ನಾನು ಕೈಚೀಲ ಅವುಚಿಕೊಂಡದ್ದನ್ನು ನೋಡಿದರು, ಹಬ್ಬ ಯಾವಾಗ ಕಳೆಯಿತೆಂದು ಅವರಿಗೆ ಗೊತ್ತು, ಹಬ್ಬ ಮುಗಿಸಿ ಊರಿನಿಂದ ಬಂದವರು ಏನು ತರುತ್ತಾರೆಂದೂ ಗೊತ್ತು, ಮಾಂಯ್ — ಎಂದರು, ಅಷ್ಟೇ, ನಾನು ತಲೆಯಾಡಿಸಿದೆ, ಕಳಿಸಿದ್ದರು ಎಂಬುದು ಸುಳ್ಳಲ್ಲವಲ್ಲ. ನಿಲ್ಲಿ, ಎಂದರು, ಹೋಗಿ ಕೈ ತೊಳೆದರು, ನಲ್ಲಿಯ ಸದ್ದು ಎಷ್ಟು ಹೊತ್ತು, ಒರೆಸಿಕೊಳ್ಳದೆ ಬಂದರು, ನನ್ನೆದುರು ನಿಂತು ಎರಡೂ ಕೈ ಚಾಚಿದರು, ಒಂದರ ಮೇಲೊಂದು, ಅಂಗೈ ಮೇಲಾಗಿ, ಗುರುದೀಕ್ಷೆಯ ದಿನ ಬಿಷಪರು ಎಣ್ಣೆ ಹಚ್ಚಿ ಬಿಳಿ ವಸ್ತ್ರದಲ್ಲಿ ಕಟ್ಟಬೇಕಾಗಿದ್ದ ಅಂಗೈಗಳು, ಆ ವಸ್ತ್ರವನ್ನು ಮಾಂಯ್ ತಾನೇ ಹೊಲಿದಿದ್ದರಂತೆ, ಬೆರಳ ತುದಿಯಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿದೆ, ಕೈಚೀಲದೊಳಗೆ ನನ್ನ ಬೆರಳುಗಳು ಹಕ್ಕಿಯ ಭತ್ತವನ್ನು ಹಿಡಿದುಕೊಂಡಿವೆ, ಇಟ್ಟುಬಿಡು ಕ್ಯಾರಲ್, ಇಟ್ಟುಬಿಡು, ಇವರು ತಿನ್ನಲಿ, ಆ ಕೈ, ಆ ಒದ್ದೆ ಕೈ — ಬೆರಳು ಸಡಿಲಿಸಿ ಬರಿಗೈಯನ್ನು ಹೊರಗೆ ತೆಗೆದೆ. ಭಾವ, ಮಾಂಯ್ ನಿಮ್ಮ ಪಾಲು ಕಳಿಸಿದ್ದರು, ಅದನ್ನು ನಾನು ತಿಂದೆ, ಕೊಟ್ಟೆನೆಂದು ಅವರಿಗೆ ಸುಳ್ಳು ಹೇಳಿದೆ, ಅವರು ನಿಮ್ಮ ಫೋನಿಗೆ ಕಾಯ್ತಾ ಇದ್ದಾರೆ, ಎತ್ತುತ್ತೇನೆ ಅಂದಿದ್ದಾರೆ. ಹೇಳಿದೆ, ಎಲ್ಲವನ್ನೂ ಹೇಳಿದೆ, ಮಾರ್ಟಿನಾ ಅಕ್ಕ ಬಾಯಿಗೆ ಕೈ ಹಿಡಿದು ಗೋಡೆಗೆ ಒರಗಿದ್ದಾರೆ, ಕೆಳಗೆಲ್ಲೋ ಲಿಡ್ವಿನ್ ಸುತ್ತುತ್ತಿದ್ದಾನೆ, ಭಾವ ಕಣ್ಣು ಮುಚ್ಚಿದ್ದಾರೆ, ಕೇಳಿಸಿತೋ ಇಲ್ಲವೋ, ಕಳಿಸಿದ್ದರು ಎಂಬಲ್ಲಿಯೇ ನಿಂತುಬಿಟ್ಟರೋ, ಕೈ ಮಾತ್ರ ಹಿಂದೆ ಹೋಗಿಲ್ಲ, ನಾನು ಹೇಳಿ ಮುಗಿಸಿದರೂ ಹೋಗಿಲ್ಲ, ಒಂದರ ಮೇಲೊಂದು, ಅಂಗೈ ಮೇಲಾಗಿ, ಒದ್ದೆಯಾಗಿ, ಚಾಚಿದ ಹಾಗೇ ಆ ಕೈ, ಆ ಕೈ