ಎರಡೂವರೆಗೆ ಒಂದು ಕೆಂಪು ಟೋಪಿ

ಟೆಸ್ಟ್ ಮತ್ತೆ ಫೇಲಾಯಿತು. ಅವಳು ತಲೆಯ ಮೇಲಿದ್ದ ಕೆಂಪು ಉಣ್ಣೆಯ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಕೂತಳು. ಯಾರು ಬರೆದ ಕಂಪ್ಯೂಟರ್ ಕೋಡ್ ಟೆಸ್ಟಿನಲ್ಲಿ ಫೇಲಾಗುತ್ತದೋ ಅವರು ಅದು ಪಾಸಾಗುವ ತನಕ ಆ ಟೋಪಿ ತೆಗೆಯುವಂತಿಲ್ಲ. ಆಫೀಸಿಗೆ ಈ ಕಟ್ಟಳೆ ತಂದವಳೇ ಅವಳು. ಮಾಡಿದ್ದುಣ್ಣೋ ಮಹಾರಾಯ ಎಂದು ಸುತ್ತಲಿನವರೆಲ್ಲ ಮುಸಿಮುಸಿ ನಗುತ್ತಿದ್ದರು.

ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಆದರೆ ಇವತ್ತು ನಾಲ್ಕು ಗಂಟೆಗೆ ಭಾವೀ ಅತ್ತೆ ಆಫೀಸಿಗೇ ಬರುವವರಿದ್ದರು, ಮಗ ಮೆಚ್ಚಿದ ಹುಡುಗಿಯನ್ನು ಮೊದಲ ಸಲ ನೋಡಲು. ಬೆಳಿಗ್ಗೆ ಕನ್ನಡಿಯ ಮುಂದೆ ಅರ್ಧ ಕಪಾಟು ಖಾಲಿ ಮಾಡಿ ಬಂದವಳಿಗೆ ಈಗ ಕೋಡಂಗಿಯ ವೇಷ.

ಮಕ್ಕಳ ತೂಕಕ್ಕೆ ತಕ್ಕಂತೆ ಔಷಧಿ ಎಷ್ಟು ಮಿಲಿಲೀಟರ್ ಎಂದು ಹೇಳುವ ಕೋಡ್ ಅದು. ಬರಬೇಕಾದ ಉತ್ತರ 2.5, ಬಂದದ್ದು 2.50. ಎರಡೂ ಬೇರೆ ಬೇರೆ ಎಂದು ಟೆಸ್ಟ್ ಹಟ ಹಿಡಿದಿತ್ತು. ಅವಳು ಊಟವನ್ನೂ ಬಿಟ್ಟು ಲೆಕ್ಕವನ್ನು ಬಿಚ್ಚಿ, ಹೊಲಿದು, ಮತ್ತೆ ಬಿಚ್ಚುತ್ತಿದ್ದಳು.

ಮೂವತ್ತಕ್ಕೇ ತಲೆ ನರೆತು ‘ತಾತ’ ಎನಿಸಿಕೊಂಡಿದ್ದ ಪಕ್ಕದ ಮೇಜಿನವನು ಕುರ್ಚಿ ಎಳೆದುಕೊಂಡು ಬಂದ.

"ಲೆಕ್ಕ ಸರಿಯಾಗೇ ಇದೆಯಲ್ಲೇ. ಸುಮ್ನೆ ಯಾಕೆ ಅದರ ಪ್ರಾಣ ತಿಂತೀಯ?"

"ಮತ್ತೆ ಟೆಸ್ಟ್ ಫೇಲಾಗ್ತಿದೆಯಲ್ಲ ತಾತ."

"ಟೆಸ್ಟಲ್ಲಿ ನೀನು ಎರಡೂ ನೋಡೋಕೆ ತದ್ರೂಪು ಇದಾವಾ ಅಂತ ಕೇಳಿದೀಯ. ಹಾಗೆ ಕೇಳಿದ್ರೆ ಅದು ಕೊನೇ ಸೊನ್ನೇನೂ ಹಿಡಿದು ಜಗಳ ಆಡುತ್ತೆ. ಬೆಲೆ ಒಂದೇನಾ ಅಂತ ಕೇಳು. ಔಷಧಿ ಕುಡಿಯೋ ಮಗೂಗೆ ಆ ಸೊನ್ನೆ ಕಟ್ಕೊಂಡು ಏನಾಗಬೇಕು?"

ಅವಳು ಟೆಸ್ಟಿನಲ್ಲಿ ಒಂದೇ ಸಾಲು ಬದಲಿಸಿದಳು. ಪರದೆ ಹಸಿರಾಯಿತು, ಟೆಸ್ಟ್ ಪಾಸ್. ಅಷ್ಟರಲ್ಲಿ ಕೆಳಗಿನಿಂದ ಫೋನ್ ಬಂತು, ನಿಮ್ಮೋರು ಯಾರೋ ಬಂದು ಕೂತಿದಾರೆ ಎಂದು. ಬಿದ್ದೆನೋ ಕೆಟ್ಟೆನೋ ಎಂದು ಮೆಟ್ಟಿಲಿಳಿದಳು.

ಸೋಫಾದಲ್ಲಿದ್ದ ಹೆಂಗಸು ಎದ್ದು ನಿಂತು ಅವಳ ತಲೆಯನ್ನೇ ನೋಡಿದರು. ಅವಳ ಕೈ ತಾನಾಗಿ ಮೇಲೆ ಹೋಯಿತು. ಟೋಪಿ ಅಲ್ಲೇ ಇತ್ತು.

"ಇದು... ತಪ್ಪು ಮಾಡಿದೋರು ಹಾಕ್ಕೋಬೇಕು ಅಂತ ನಮ್ಮಲ್ಲಿ ಒಂದು..."

"ನೀನೇನಮ್ಮ ತಪ್ಪು ಮಾಡಿದ್ದು?"

"ಉತ್ತರ ಸರಿಯಾಗೇ ಇತ್ತು. ನಾನು ಪ್ರಶ್ನೆ ತಪ್ಪು ಕೇಳಿದ್ದೆ."

ಅತ್ತೆಯಾಗುವವರು ನಕ್ಕುಬಿಟ್ಟರು.

"ಬಸ್ಸಲ್ಲಿ ಬರ್ತಾ ನಿನ್ನ ಏನೇನು ಕೇಳಬೇಕು ಅಂತ ಬಾಯಿಪಾಠ ಮಾಡ್ಕೊಂಡು ಬಂದೆ. ಅಡುಗೆ ಬರುತ್ತಾ, ಎಷ್ಟು ಹೊತ್ತಿಗೆ ಏಳ್ತೀಯ... ನಂದೂ ಅದೇ ಕಥೆ. ಕೊಡಿಲ್ಲಿ ಅದನ್ನ."

ಟೋಪಿಯನ್ನು ತಮ್ಮ ತಲೆಗೆ ಹಾಕಿಕೊಂಡು, ಕಿವಿ ಮುಚ್ಚುವಂತೆ ಎಳೆದುಕೊಂಡರು. "ನಡಿ, ನೀನು ಕೆಲಸ ಮಾಡೋ ಜಾಗ ತೋರಿಸು."

ಮೆಟ್ಟಿಲ ಮೇಲೆ ಕೆಂಪು ಟೋಪಿ ಮುಂದೆ ಮುಂದೆ ಹೋಯಿತು, ಅವಳು ಹಿಂದೆ.