ಬೇಚರಾಕ್

ಮೊದಲು ಯಾವ ಊರಿನ ಹೆಸರು ಕೂಗುವುದು? ಹುಲ್ಲಿನ ಉರಿಗೆ ತಮಟೆ ಹಿಡಿದು ಕುಕ್ಕರಗಾಲಲ್ಲಿ ಕೂತ ಚಿತ್ತಪ್ಪನಿಗೆ ಇದೊಂದು ಬಗೆಹರಿಯುತ್ತಿಲ್ಲ. ಡಂಗುರವೆಂದರೆ ಮೊದಲು ಊರಿನ ಹೆಸರು, ಕೇಳಿದವರ ‘ಓ’, ಆಮೇಲೆ ಸುದ್ದಿ. ಅಪ್ಪ ಕಲಿಸಿದ್ದು ಹಾಗೆ. ‘ನೆರಳಗುಂಡಿನೋರು ಕೇಳ್ರಪ್ಪೋ’ ಎಂದು ಕರೆದರೆ ನೆರಳಗುಂಡು ಇದೆ ಎಂದಾಯಿತು. ಇದೆ ಎಂದ ಬಾಯಲ್ಲೇ ಇಲ್ಲ ಎನ್ನುವುದು ಹೇಗೆ?

“ಲೇ ಚಿತ್ತ, ತಮಟೆ ಕಾಯಿಸ್ತಿದೀಯೋ, ಮುಕಳಿ ಕಾಯಿಸ್ಕಂತಿದೀಯೋ? ಸಾಹೇಬ್ರು ಹಿರಿಯೂರು ಬಸ್ಸು ಹಿಡೀಬೇಕು!”

ಗುಡ್ಡದ ಕೆಳಗಿನ ಸಾಲುಣಸೆಯ ಬೇವಿನ ಕಟ್ಟೆಯ ಮೇಲಿಂದ ರೇವಣಸಿದ್ದಪ್ಪ ಕೂಗಿದ. ಆ ಊರಿನ ತೆಂಗಿನ ತೋಟಗಳೂ ಪಟೇಲಿಕೆಯ ಗತ್ತೂ ಅವನ ಮನೆಯವು. ಪಕ್ಕದ ಕುರ್ಚಿಯಲ್ಲಿ ತಾಲ್ಲೂಕು ಕಚೇರಿಯ ಇನ್‌ಸ್ಪೆಕ್ಟರ್ ಎಳನೀರು ಹೀರುತ್ತಿದ್ದ. ಬೆಳಿಗ್ಗೆ ಚಿತ್ತಪ್ಪನನ್ನು ಅಂಗಳಕ್ಕೆ ಕರೆಸಿ, ಕೂಗಬೇಕಾದ್ದನ್ನು ಬಾಯಿಪಾಠ ಮಾಡಿಸಿದ್ದವರು ಇವರೇ: ನೆರಳಗುಂಡು ಬೇಚರಾಕ್ ಆಗೈತೆ, ಇವತ್ತಿಂದ ಸಾಲುಣಸೆಗೆ ಸೇರೈತೆ, ತಕರಾರು ಇದ್ದೋರು ಬಂದು ಹೇಳ್ರಿ.

“ಬೇಚರಾಕ್ ಅಂದ್ರೇನು ಸ್ವಾಮಿ?” ಎಂದು ಅವನು ಕೇಳಿದ್ದ.

“ದೀಪ ಹಚ್ಚೋರಿಲ್ಲದ ಊರು ಅಂತ ಕಣಯ್ಯ. ನವಾಬರ ಕಾಲದ ಮಾತು,” ಎಂದಿದ್ದ ಇನ್‌ಸ್ಪೆಕ್ಟರ್.

“ಗುಡ್ಡದ ಮೇಲೆ ಇನ್ನೂ ನಮ್ಮವು ಮೂರ್ಮನೆ ಅವೆ. ದಿನಾ ಹಚ್ತೀವಿ.”

ರೇವಣಸಿದ್ದಪ್ಪ ಎಲೆಯಡಿಕೆ ಉಗಿದು ನಕ್ಕಿದ್ದ. “ಮಾದಿಗರ ಬುಡ್ಡೀನೂ ಒಂದು ದೀಪ ಏನಲೇ ಸೂಳೆಮಗನೆ?”

ಚಿತ್ತಪ್ಪನೂ ನಕ್ಕಿದ್ದ. ಯಾಕೆ ನಕ್ಕೆನೆಂದು ಅವನಿಗೆ ಈಗಲೂ ತಿಳಿಯದು.

ಗುಡ್ಡದ ಮೇಲಿನ ನೆರಳಗುಂಡಿನಲ್ಲಿ ಒಂದು ಕಾಲಕ್ಕೆ ಕುರುಬರ ಮನೆಗಳೇ ತುಂಬಿದ್ದವು. ಕುರಿಗಳು ನೀರು ಕುಡಿಯುತ್ತಿದ್ದ ತಪ್ಪಲಿನ ಹೊಂಡಕ್ಕೆ ರೇವಣಸಿದ್ದಪ್ಪ ಕಳ್ಳಿಬೇಲಿ ಹಾಕಿಸಿದ. ಒಬ್ಬೊಬ್ಬರೇ ಕುರಿ ಮಾರಿ, ಇಳಿದು ಬಂದು, ಅವನ ತೋಟದಲ್ಲೇ ಕೂಲಿಗೆ ನಿಂತರು. ಉಳಿದದ್ದು ತೋಟಿ ಚಿತ್ತಪ್ಪನ ಕೇರಿ. ಊರು ಸಾರುವ ತೋಟಿಗೆಂದು ಹಿಂದಿನವರು ಬಿಟ್ಟ ಹೊಲ ಆ ಹೊಂಡದ ದಂಡೆಯಲ್ಲೇ ಇದೆ. ಊರಿಲ್ಲವೆಂದರೆ ತೋಟಿಯಿಲ್ಲ, ತೋಟಿಯಿಲ್ಲವೆಂದರೆ ಹೊಲವಿಲ್ಲ. ಗೌಡನ ಬೇಲಿ ಅಷ್ಟು ಮುಂದೆ ಸರಿಯುತ್ತದೆ.

ಕಟ್ಟೆಯೆದುರಿನ ಬಾವಿಯ ಗೋಡೆಯ ಮೇಲೆ ಚುನಾವಣೆಗೆ ಬರೆದ ಹಸು-ಕರುವಿನ ಗುರುತು ಇನ್ನೂ ಮಾಸಿರಲಿಲ್ಲ. ಅದರ ಪಕ್ಕ ಚಿತ್ತಪ್ಪನ ಹೆಂಡತಿ ಬೊಮ್ಮಕ್ಕ, ಯಾರಾದರೂ ಸೇದಿ ಹೊಯ್ದಾರೆಂದು ಕೊಡ ಇಟ್ಟುಕೊಂಡು ಬೆಳಗಿನಿಂದ ನಿಂತಿದ್ದಳು.

“ಗೌಡ್ರೆ, ನಮ್ಮೂರು ನಿಮ್ಮೂರಿಗೆ ಸೇರ್ತತಂತಲ್ಲ,” ಎಂದಳು ಅಲ್ಲಿಂದಲೇ. “ಹಂಗಾರೆ ನಾನೂ ಈ ಊರೋಳಾದೆ. ಬಾವಿಗೆ ನಾನೇ ಹಗ್ಗ ಬಿಡ್ಲಾ?”

ಕಟ್ಟೆಯ ಮೇಲಿದ್ದವರು ಗೊಳ್ಳೆಂದರು. ರೇವಣಸಿದ್ದಪ್ಪ ನಗಲಿಲ್ಲ.

“ಸೇರೋದು ನೆಲ ಕಣೇ ಬೋಸುಡಿ. ನೀವಲ್ಲ.”

ಬೊಮ್ಮಕ್ಕ ಗಂಡನ ಮುಖ ನೋಡಿದಳು. ಅವನು ಉರಿಯನ್ನು ನೋಡಿದ. ಖಾಲಿ ಕೊಡವನ್ನು ಸೊಂಟಕ್ಕೇರಿಸಿ ಅವಳು ಗುಡ್ಡದ ದಾರಿ ಹಿಡಿದಳು.

ಚಿತ್ತಪ್ಪ ಎದ್ದ. ಕಾದ ತಮಟೆ ಕಣಕಣ ಎಂದಿತು. ಜನ ಸೇರಿದರು.

“ನೆರಳಗುಂಡಿನೋರು ಕೇಳ್ರಪ್ಪೋ...”

“ಓ...”

ಗುಂಪಿನ ಹಿಂದಿನಿಂದ ಬಂದ ಆ ದನಿ ಕರಿಸಿದ್ದಪ್ಪನದು. ಗುಡ್ಡದಿಂದ ಕಡೆಗೆ ಇಳಿದ ಕುರುಬ. ಈಗ ಗೌಡನ ಎತ್ತು ಕಾಯುತ್ತಾನೆ. ರೂಢಿಯಿಂದ ಬಾಯಿಗೆ ಬಂದದ್ದಕ್ಕೆ ತಾನೇ ಬೆಚ್ಚಿ ಅವನು ಕಂಬಳಿಯಲ್ಲಿ ಮುಖ ಮರೆಸಿಕೊಂಡ.

“ಮುಂದಕ್ಕೆ ಬೊಗಳಲೇ,” ಎಂದ ರೇವಣಸಿದ್ದಪ್ಪ.

ಚಿತ್ತಪ್ಪ ಮತ್ತೆ ಬಡಿದ. “ನೆರಳಗುಂಡಿನೋರು ಕೇಳ್ರಪ್ಪೋ...”

ಈ ಸಲ ಅಲ್ಲೊಂದು ಇಲ್ಲೊಂದು ‘ಓ’ ಬಂತು. ಗುಡ್ಡದಿಂದ ಇಳಿದಿದ್ದ ತೋಟದ ಕೂಲಿಗಳು. ಯಾರೂ ತಲೆ ಎತ್ತಿರಲಿಲ್ಲ. ಯಾವ ಬಾಯಿಂದ ಬಂತೆಂದು ಹೇಳುವಂತಿರಲಿಲ್ಲ.

“ಆಟ ಆಡ್ತೀಯೇನಲೇ ಬೋಳಿಮಗನೆ?”

ರೇವಣಸಿದ್ದಪ್ಪ ಕಟ್ಟೆಯಿಂದ ಧುಮುಕಿ, ಯಾರದೋ ಕೈಯ ಬಾರುಕೋಲು ಕಿತ್ತುಕೊಂಡ. ಏಟು ಬೆನ್ನಿಗೆ ಬಿತ್ತು, ಕಿವಿಗೆ ಬಿತ್ತು. ಚಿತ್ತಪ್ಪ ಕೂಗಿದ್ದು ಅದೊಂದನ್ನೇ. ಮುಂದಿನ ಮಾತಿಗೆ ಹೋಗಲಿಲ್ಲ. ಬಾರುಕೋಲಿನ ತುದಿ ತಗುಲಿ ತಮಟೆಯ ಚರ್ಮ ಹರಿಯಿತು. ಆಮೇಲೆ ಬರೀ ಬಾಯಲ್ಲಿ ಕೂಗಿದ. ‘ಓ’ ಎನ್ನುವವರು ನಿಂತುಹೋಗಿದ್ದರು.

“ಬಿಡ್ರಿ ಗೌಡ್ರೆ,” ಎಂದು ಇನ್‌ಸ್ಪೆಕ್ಟರ್ ಕೈಗಡಿಯಾರ ನೋಡಿಕೊಂಡ. “ತಮಟೆ ಊರಿಗೆಲ್ಲ ಕೇಳಿಸ್ತಲ್ಲ. ತಕರಾರು ಅಂತ ಯಾರೂ ಬರಲಿಲ್ಲ. ಅಲ್ಲಿಗೆ ಮುಗೀತು.”

ಎಳನೀರಿನ ಬುರುಡೆಯನ್ನು ಅಲ್ಲೇ ಎಸೆದು ಅವನು ಬಸ್ಸಿಗೆ ಹೊರಟ. ಸುಗ್ಗಿಗೆ ಮುಂಚೆಯೇ ತೋಟಿಯ ಹೊಲದ ಸುತ್ತ ಕಳ್ಳಿ ಬೇರು ಹಿಡಿದಿತ್ತು. ಗುಡ್ಡದ ಮೇಲೆ ಮೂರು ಮನೆಗಳಲ್ಲಿ ಬುಡ್ಡಿಗಳು ಆಗಲೂ ಉರಿಯುತ್ತಿದ್ದವು. ಸಾಲುಣಸೆಯ ಕಟ್ಟೆಯಲ್ಲಿ ಕೂತವರಿಗೆ ಅವು ಕಾಣುತ್ತಲೂ ಇದ್ದವು.

ಬೇಚರಾಕ್ ಎಂಬ ಮಾತನ್ನು ಚಿತ್ತಪ್ಪ ಅಂದು ಕೂಗಲಿಲ್ಲ, ಮುಂದೆಯೂ ಕೂಗಲಿಲ್ಲ. ತಕರಾರು ಐತೆ ಅಂತಲೂ ಅವನು ಹೇಳಲಿಲ್ಲ.