ಚೌಕ ಟಿನ್ನಿಗೆ ಎಷ್ಟು ಸ್ತೋತ್ರ

"ಹಿಟ್ಟು ಎರಡಷ್ಟಾದರೆ ಸ್ತೋತ್ರನೂ ಎರಡು ಸಲ ಹೇಳಬೇಕಾ?"

ಯಾರನ್ನೂ ಕೇಳಿದ್ದಲ್ಲ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಪಕ್ಕದ ಮನೆಯಿಂದ ಎರವಲು ತಂದ ಚೌಕ ಟಿನ್ನಿನ ಮುಂದೆ ಗಟ್ಟಿಯಾಗಿ ಅಂದುಕೊಂಡಿದ್ದೆ. ನಮ್ಮ ದುಂಡು ಟಿನ್ನಿನ ತಳ ಬಿರುಕುಬಿಟ್ಟು ಹಿಟ್ಟು ಸೋರುತ್ತಿತ್ತು. ನಾಲ್ಕು ಗಂಟೆಗೆ ಆಸ್ಪತ್ರೆಯ ಕ್ಯಾಂಟೀನು ನಡೆಸುವವರು ನನ್ನ ಸ್ಪಾಂಜ್ ಕೇಕಿನ ರುಚಿ ನೋಡಲು ಬರುವವರಿದ್ದರು. ಹಿಡಿಸಿದರೆ ನನಗೆ ಅಲ್ಲಿ ಕೆಲಸ. ಮನೆಯಲ್ಲಿದ್ದದ್ದು ಎಂಟೇ ಮೊಟ್ಟೆ.

ದುಂಡು ಟಿನ್ನಿನ ತುಂಬ ಅಕ್ಕಿ ಅಳೆದು ಚೌಕಕ್ಕೆ ಸುರಿದೆ. ಅರ್ಧಕ್ಕೆ ನಿಂತಿತು. ಹಾಗಾಗಿ ನಾಲ್ಕು ಮೊಟ್ಟೆಯ ಕೇಕು ಎಂಟರದ್ದಾಯಿತು. ಅಲ್ಲಿಯವರೆಗೆ ಲೆಕ್ಕ ಸರಿ. ಆದರೆ ಅತ್ತೆ ಕಲಿಸಿದ ಕ್ರಮದಲ್ಲಿ ನಿಮಿಷಗಳೇ ಇಲ್ಲ. ನಮ್ಮ ಓವನ್ನಿನ ಚಿಲಕ ಮುರಿದು ಎಷ್ಟೋ ವರ್ಷವಾಯಿತು. ಬಾಗಿಲಿಗೆ ಕುರ್ಚಿ ಒತ್ತಿ, ಅದರ ಮೇಲೆ ಅತ್ತೆ ಕೂತರೇ ಅದು ಮುಚ್ಚಿಕೊಳ್ಳುವುದು. ಕೂತವರು ಸುಮ್ಮನಿರಲಾರದೆ ಸ್ತೋತ್ರ ಹೇಳುತ್ತಾರೆ. ಒಂದು ಸಲ ಮುಗಿದರೆ ಕೇಕು ಬೆಂದಂತೆ.

ಪಕ್ಕದ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ನನ್ನ ಗಂಡ ಮೆಷಿನ್ನು ನಿಲ್ಲಿಸಿದರು. "ಒಂದೇ ಸಲ ಸಾಕು ಕಣೇ. ಇಬ್ಬರು ಜೊತೆಗೆ ನಡೆದರೆ ದಾರಿ ಉದ್ದ ಆಗುತ್ತಾ?"

"ನೀನು ನಿನ್ನ ಗುಂಡಿ ನೋಡ್ಕೋ," ಅನ್ನುತ್ತಾ ಅತ್ತೆ ಅಡುಗೆಮನೆಗೆ ಬಂದರು. "ಇಬ್ಬರಿಗೆ ಅನ್ನ ಮಾಡೋದೂ ಇಪ್ಪತ್ತು ಜನಕ್ಕೆ ಮಾಡೋದೂ ಒಂದೇನಾ?"

ತಾಯಿಯದೂ ಸರಿ, ಮಗನದೂ ಸರಿ. ನನ್ನ ತಲೆ ಕಲಸುಮೇಲೋಗರವಾಯಿತು. ಕೊನೆಗೆ, "ಎರಡು ಸಲ ಹೇಳಿಬಿಡಿ ಅತ್ತೆ," ಅಂದೆ.

ಟಿನ್ನು ಓವನ್ನಿಗಿಟ್ಟೆ, ಅತ್ತೆ ಬಾಗಿಲಿಗೆ ಕುರ್ಚಿ ಒತ್ತಿ ಕೂತರು. ಮೊದಲ ಸಲ ಮುಗಿಯುವಾಗ ಮನೆ ತುಂಬ ಸಿಹಿ ಘಮ. ಎರಡನೆಯದರ ನಡುವೆ ಆ ಘಮಕ್ಕೆ ಕಹಿ ಬೆರೆಯಿತು. ಸೀದಿದೆಯೋ, ಈಗ ಸೀಯುತ್ತಿದೆಯೋ, ಹಳೆಯ ಕೇಕಿನ ಪುಡಿ ಓವನ್ನಿನ ತಳದಲ್ಲಿ ಉರಿಯುತ್ತಿದೆಯೋ? ಬಾಗಿಲಿಗೆ ಗಾಜಿಲ್ಲ.

"ಅತ್ತೆ, ಸ್ವಲ್ಪ ಏಳಿ. ತೆಗೆದು ನೋಡ್ತೀನಿ."

ಅವರು ಕೈಯೆತ್ತಿ ನನ್ನನ್ನು ತಡೆದು ಸಾಲು ಮುಗಿಸಿದರು. "ಇನ್ನೂ ಹನ್ನೊಂದು ಪದ್ಯ ಇದೆ."

"ಅಷ್ಟರಲ್ಲಿ ಇದ್ದಿಲಾಗುತ್ತೆ ಅತ್ತೆ. ನನ್ನ ಕೆಲಸ ಹೋಗುತ್ತೆ."

"ಎರಡು ಸಲ ಅಂದಿದ್ದು ಯಾರು?"

"ನಾನೇ. ತಪ್ಪಿರಬಹುದು, ಗೊತ್ತಾಗ್ತಿಲ್ಲ. ಏಳಿ ಅತ್ತೆ."

ಅತ್ತೆ ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಒತ್ತಿ ಕೂತರು. "ದೇವರ ಮಾತನ್ನ ಅರ್ಧಕ್ಕೆ ಬಿಟ್ಟು ನಾನು ಏಳಲ್ಲ."